ಬಟ್ಟಿ ಇಳಿಸಲು ಕಲಿತ ಕೆಮಿಸ್ಟ್ರಿ ಸರ್

ಮೂವತ್ತೆರಡು ವರ್ಷ ಬಟ್ಟಿ ಇಳಿಸುವ ಪಾಠ ಹೇಳಿ, ಒಂದು ಹನಿಯನ್ನೂ ಇಳಿಸದೆ ನಿವೃತ್ತರಾದ ಪುಣ್ಯಾತ್ಮರು ನಮ್ಮ ಕೆಮಿಸ್ಟ್ರಿ ಸರ್. ಹೋದ ತಿಂಗಳು ತೀರಿಕೊಂಡರು. ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಅರ್ಧ ಗಂಟೆಯೊಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಅದರಲ್ಲೊಬ್ಬರು 'ಪ್ರಯೋಗಶೀಲ ಶಿಕ್ಷಕರನ್ನು ಕಳೆದುಕೊಂಡೆವು' ಎಂದು ಬರೆದಾಗ ನನಗೆ ನಗು ತಡೆಯಲಾಗಲಿಲ್ಲ. ತೀರಿಕೊಂಡವರನ್ನು ಹೀಗೆ ಆಡಿಕೊಳ್ಳಬಾರದು, ಗೊತ್ತು. ಆದರೆ ಆ ಮಹಾನುಭಾವರು ಆಯುಷ್ಯದಲ್ಲಿ ಮಾಡಿದ ಒಂದೇ ಒಂದು ಪ್ರಯೋಗವನ್ನು ಕಣ್ಣಾರೆ ಕಂಡವರಲ್ಲಿ ನಾನೊಬ್ಬ, ನಮ್ಮವ್ವ ಇನ್ನೊಬ್ಬಳು. ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ.

ನಾನು ಅದೇ ಕಾಲೇಜಿನಲ್ಲಿ ಕನ್ನಡ ಹೇಳುವವನು. ಅವರ ಪ್ರಯೋಗಶಾಲೆ ನನ್ನ ತರಗತಿಯ ಎದುರಿಗೇ ಇತ್ತು. ಅದರ ಬಾಗಿಲಿಗೊಂದು ಹಿತ್ತಾಳೆ ಬೀಗ, ಆ ಬೀಗದ ಕೈ ಸದಾ ಅವರ ಅಂಗಿ ಕಿಸೆಯಲ್ಲಿ. ಒಳಗೆ ಗಾಜಿನ ಸಾಮಾನುಗಳು ಬಂದಾಗ ಸುತ್ತಿಕೊಂಡಿದ್ದ ಹುಲ್ಲಿನಲ್ಲೇ ಇನ್ನೂ ನಿದ್ದೆ ಮಾಡುತ್ತಿದ್ದವು. "ಒಮ್ಮೆರ ಹೊರಗ ತಗೀರಿ ಸರ್, ಗಾಳಿ ಆಡಲಿ" ಎಂದು ನಾನು ಕೆಣಕಿದರೆ, "ಹುಡುಗ್ರ ಕೈ ಅಂದ್ರ ಮಂಗ್ಯಾನ ಕೈ ಇದ್ದಂಗ್ರೀ. ಒಡದ್ರ ಯಾರು ಉತ್ತರ ಹೇಳಬೇಕು?" ಎನ್ನುತ್ತಿದ್ದರು. ಹೀಗೆ ಒಂದೂ ಒಡೆಯದಂತೆ ಕಾಪಾಡಿ, ಒಂದನ್ನೂ ಬಳಸದೆ, ಮುಂದಿನವರಿಗೆ ಲೆಕ್ಕ ಒಪ್ಪಿಸಿ ಹೋದರು.

ಆದರೆ ಚಿತ್ರ! ಅವರು ಕಪ್ಪು ಹಲಗೆಯ ಮೇಲೆ ಬಟ್ಟಿ ಇಳಿಸುವ ಚಿತ್ರ ಬರೆಯುವುದನ್ನು ನೋಡಲು ನನ್ನ ತರಗತಿಯ ಹುಡುಗರೂ ಕಿಟಕಿಯಿಂದ ಇಣುಕುತ್ತಿದ್ದರು. ಗಾಜಿಗೆ ಬಿಳಿ ಸುಣ್ಣದ ಕಡ್ಡಿ, ಬೆಂಕಿಗೆ ಕೆಂಪು, ನೀರಿಗೆ ನೀಲಿ. ಕೆಳಗೆ ಬುಂಡೆ, ಅದಕ್ಕೆ ಓರೆಯಾಗಿ ಜೋಡಿಸಿದ ಕೊಳವೆ, ಆ ಕೊಳವೆಯ ಸುತ್ತ ತಣ್ಣೀರು ಹರಿಯುವ ಇನ್ನೊಂದು ಕೊಳವೆ. ಮೇಲ್ತುದಿಯಲ್ಲಿ ಒಂದು ಬಾಣ ಎಳೆದು 'ನೀರು ಒಳಗೆ', ಕೆಳತುದಿಯಲ್ಲಿ ಇನ್ನೊಂದು ಎಳೆದು 'ನೀರು ಹೊರಗೆ'. ಅಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಪಠ್ಯಪುಸ್ತಕದಲ್ಲಿ ಬಾಣಗಳು ಉಲ್ಟಾ ಇದ್ದವಂತೆ. ಅದನ್ನು ನೋಡಿ ಬರೆದ ಹುಡುಗರಿಗೆ ಇವರು ಅರ್ಧ ಅಂಕ ಕಳೆಯುತ್ತಿದ್ದರು. "ಪುಸ್ತಕದಾಗ ಪ್ರಿಂಟ್ ತಪ್ಪಾಗ್ಯದ. ನನ್ನ ನೋಟ್ಸ್ ನೋಡ್ರಿ" ಎನ್ನುತ್ತಿದ್ದರು. ಮೂವತ್ತೆರಡು ವರ್ಷ ಯಾರೂ ತುಟಿ ಪಿಟಕ್ ಎನ್ನಲಿಲ್ಲ.

ಇಬ್ಬರೂ ರಾಯಚೂರಿನಿಂದ ದೇವದುರ್ಗದ ಬಸ್ಸಿಗೆ ಹೋಗಿ ಬರುವವರು. ಹದಿನೆಂಟು ವರ್ಷ ಕಿಟಕಿಯಿಂದ ಕರವಸ್ತ್ರ ಒಗೆದು ನನಗೂ ಜಾಗ ಹಿಡಿದಿದ್ದಾರೆ, ಅದನ್ನು ಮರೆಯಬಾರದು. ಸಂತೆಯ ದಿನ ಯಾರಾದರೂ ಕುಡಿದು ಹತ್ತಿ ತೂಗಾಡುತ್ತಿದ್ದರೆ ಸರ್ ಮೂಗಿಗೆ ಅದೇ ಕರವಸ್ತ್ರ ಒತ್ತಿಕೊಂಡು ನನ್ನ ಕಿವಿಯಲ್ಲಿ, "ಸಿ ಟು ಎಚ್ ಫೈವ್ ಓ ಎಚ್. ಸೂತ್ರ ಗೊತ್ತಿಲ್ದ ಕುಡಿತಾವ ನೋಡ್ರಿ ಇವು" ಎನ್ನುತ್ತಿದ್ದರು. ಸೂತ್ರ ಗೊತ್ತಿದ್ದು ಕುಡಿದರೆ ಅಡ್ಡಿಯಿಲ್ಲವೇನೋ. ಅವರಂತೂ ಒಂದು ತೊಟ್ಟು ಮುಟ್ಟಿದವರಲ್ಲ. ನಮ್ಮ ಮನೆಯ ಚಹಾ ಕೂಡ ಮುಟ್ಟಿದವರಲ್ಲ. ಬಾಗಿಲವರೆಗೆ ಬಂದಾಗೆಲ್ಲ "ಈಗ ಆತ್ರೀ", ಇಲ್ಲವೇ "ಶುಗರ್ ಅದರೀ". ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿಸಿಕೊಳ್ಳುವಾಗ ಆ ಶುಗರ್ ಎಲ್ಲಿ ಹೋಗುತ್ತಿತ್ತೋ ಏನೋ!

ಅವರ ಬೀಳ್ಕೊಡುಗೆಯ ದಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೈಕಿನ ಮುಂದೆ ಬಂದು, "ಸರ್ ತೆಗೆದ ಚಿತ್ರ ಇವತ್ತಿಗೂ ನನ್ನ ಕಣ್ಣಾಗ ಅದ. ಚಿತ್ರ ಬಿಟ್ಟು ಬ್ಯಾರೆ ಏನೂ ನೋಡ್ಲಿಲ್ಲ ನಾವು" ಎಂದಳು. ಪಾಪದ ಹುಡುಗಿ, ಹೊಗಳಿಯೇ ಅಂದದ್ದು. ಸಭೆ ಹೋ ಎಂದು ನಕ್ಕಿತು. ಶಾಲು ಹೊದ್ದು ಕುಳಿತಿದ್ದ ಸರ್ ಕೂಡ ನಕ್ಕರು. ಬಸ್ಸಿನಲ್ಲಿ ಮಾತ್ರ ಅರ್ಧ ದಾರಿ ಆ ಶಾಲನ್ನು ಮಡಚುತ್ತ ಬಿಚ್ಚುತ್ತ ಕುಳಿತರು. ಆಮೇಲೆ ಇದ್ದಕ್ಕಿದ್ದಂತೆ ನನ್ನ ತೊಡೆ ತಟ್ಟಿ, "ಇಳಿಸಿ ತೋರಸ್ತೀನ್ರಿ. ಒಂದ್ ಸೀಸೆ. ಶುದ್ಧ ಸ್ಪಿರಿಟ್" ಎಂದರು.

"ನೀರು ಇಳಿಸ್ರಿ ಸರ್, ಬ್ಯಾಟರಿಗೆ ಬರ್ತದ" ಎಂದೆ.

"ನೀರು ಯಾರರ ಇಳಸ್ತಾರ. ಸ್ಪಿರಿಟ್ ಇಳಿಸ್ದಾಂವ ಕೆಮಿಸ್ಟ್."

"ಮನ್ಯಾಗ ಇಳಿಸೋದು ಅಪರಾಧ ಅದರೀ."

"ಕುಡಿಯೋರಿಗೆ ಅಪರಾಧರೀ. ನಾ ಪ್ರಯೋಗ ಮಾಡಾಂವ" ಎಂದು ಕಾನೂನನ್ನು ಅಲ್ಲೇ ತಿದ್ದಿದರು.

ಅಲ್ಲಿಂದ ಶುರುವಾಯಿತು ನೋಡಿ ಅರವತ್ತರ ವಿದ್ಯಾರ್ಥಿಯ ಮೊದಲ ಪಾಠ. ಮೊಬೈಲಿನಲ್ಲಿ ಯಾವುಯಾವುದೋ ದೇಶದ ಗಡ್ಡದವರು ತಾಮ್ರದ ಹಂಡೆಗಳ ಮುಂದೆ ನಿಂತು ಹೇಳುವ ಪಾಠಗಳನ್ನು ನೋಡಿದರು. ಉದ್ದೇಶ, ಬೇಕಾಗುವ ಸಾಮಗ್ರಿ, ವಿಧಾನ ಎಂದು ಕೆಂಪು ಗೆರೆ ಹಾಕಿ ಪುಸ್ತಕ ತುಂಬಿಸಿದರು. ರಾಯಚೂರಿನಲ್ಲಿ ಅಷ್ಟು ಬೆಲ್ಲ ಕೊಂಡರೆ ಯಾರಾದರೂ ಗುರುತು ಹಿಡಿದಾರೆಂದು ಮಾನ್ವಿಗೆ ಹೋದರು. ಇವರ ಹುಟ್ಟೂರು ಬಾಗಲವಾಡ, ಮಾನ್ವಿಯ ಮಗ್ಗುಲಿಗೇ ಇರುವ ಹಳ್ಳಿ. ಅಲ್ಲಿ ಅಂಗಡಿಯವನು ಇವರನ್ನು ದೂರದಿಂದಲೇ ಗುರುತು ಹಿಡಿದು "ಬರ್ರೀ ಸರ್" ಎಂದು, ಚೀಟಿ ನೋಡಿ, "ಇಷ್ಟ್ ಬೆಲ್ಲ ಅಂದ್ರ ಮನ್ಯಾಗ ಮದುವಿ ಏನ್ರೀ? ನಮಗ ಕಾರ್ಡೇ ಬರ್ಲಿಲ್ಲ!" ಎಂದನಂತೆ. ಇವರು ಹೌದು ಎಂದುಬಿಟ್ಟಿದ್ದಾರೆ. ಮುಂದಿನ ವಾರವೆಲ್ಲ ಬಾಗಲವಾಡದಿಂದ ಮದುವೆ ಯಾವಾಗ ಎಂದು ಫೋನು.

ಗಾಜಿನ ಕೊಳವೆಯನ್ನು ಹೈದರಾಬಾದಿನಿಂದ ತರಿಸಿದರು. ಅದನ್ನು ಪ್ರೆಶರ್ ಕುಕ್ಕರಿನ ಸೀಟಿಯ ಜಾಗಕ್ಕೆ ತಾಮ್ರದ ನಳಿಗೆಯಿಂದ ಬೆಸೆಯಲು ಬಜಾರಿನ ಕಲಾಯಿ ಚಾಚಾನ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ. ಚಾಚಾ ಕುಕ್ಕರನ್ನು ತಿರುವಿ ಮುರುವಿ ನೋಡಿ, "ಎದಕ್ಕ ಸಾಬ್ ಇದು?" ಎಂದ. "ಗುಲಾಬ್ ನೀರಿಗೆ" ಎಂದರು ಸರ್. ಚಾಚಾ ಬೆಸೆಯುತ್ತಲೇ, ತಲೆ ಎತ್ತದೆ, "ಹಾಂ ಹಾಂ. ಬಂದೋರೆಲ್ಲಾ ಗುಲಾಬ್ ನೀರೇ ಮಾಡ್ತಾರ ಸಾಬ್. ಒಬ್ರ ಮೈಮ್ಯಾಲೂ ಗುಲಾಬ್ ವಾಸ್ನಿ ಬರಲ್ಲ" ಎಂದ. ಸರ್ ಕಿವಿಯವರೆಗೆ ಕೆಂಪಾದರು.

ಬೆಲ್ಲ ನೀರಿನಲ್ಲಿ ಕೊಳೆಯಲು ಇಟ್ಟ ಡಬ್ಬಿಯ ಮುಚ್ಚಳ ಬಿಗಿಯಾಗಿ, ಒಂದು ಏಕಾದಶಿಯ ಬೆಳಿಗ್ಗೆ ಅದು ಸಿಡಿದು ದೇವರ ಕೋಣೆಯ ಗೋಡೆಗೆಲ್ಲ ಪ್ರೋಕ್ಷಣೆಯಾಯಿತು. ಅವರ ಹೆಂಡತಿ ನನಗೆ ಫೋನು ಮಾಡಿ, "ನೀವರ ಬುದ್ಧಿ ಹೇಳ್ರಿ. ಕಾಲೇಜಿನಾಗ ಮೂವತ್ತು ವರ್ಷ ಮಾಡ್ಲಾರದ್ದು ಈಗ ನನ್ನ ಅಡಗಿ ಮನ್ಯಾಗ ಮಾಡಾಕತ್ತಾರ" ಎಂದು ಅತ್ತರು. ಎರಡನೇ ಸಲ ಬೆಲ್ಲ ಸರಿಯಾಗಿ ಕೊಳೆಯಿತು. ಒಲೆ ಹಚ್ಚಿದರು. ಅಡುಗೆಮನೆ ತುಂಬ ಆವಿ, ಕಣ್ಣುರಿ. ಸೀಸೆಯಲ್ಲಿ ಮಾತ್ರ ಒಂದು ಹನಿ ಇಲ್ಲ. ಮೂರು ಸಲ ಮಾಡಿದರೂ ಅದೇ ಹಾಡು.

ಆಮೇಲೆ ಒಂದು ಭಾನುವಾರ ನಮ್ಮ ಮನೆಗೆ ಬಂದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಒಳಗೆ ಬಂದು, ಬುದ್ಧನ ಫೋಟೋದ ಕೆಳಗಿನ ಕುರ್ಚಿಯಲ್ಲಿ ಕುಳಿತರು. ಕೊಟ್ಟ ಚಹಾ ಗಟಗಟ ಕುಡಿದರು. ಆಗಲೇ ನನಗೆ ಅನುಮಾನ ಬಂತು. ಗಂಟಲು ಸರಿಮಾಡಿಕೊಂಡು, "ಸರ್, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಮಂದ್ಯಾಗ ಈ ಇಳಿಸೋದು ಗೊತ್ತಿದ್ದೋರು ಇರ್ತಾರಲ್ಲ. ಹಳೇ ಮಂದಿ. ಯಾರನ್ನರ ಒಬ್ರನ್ನ ತೋರಿಸ್ರಿ" ಎಂದರು.

ನಿಮ್ಮ ಮಂದಿ! ಮೈಯೆಲ್ಲ ಉರಿಯಿತು. ಉರಿದದ್ದು ಅವರ ಮಾತು ಸುಳ್ಳೆಂದಲ್ಲ, ನಿಜವೆಂದು.

ಇದನ್ನು ನಾನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ನಮ್ಮೂರು ಮಸರಕಲ್. ಅಲ್ಲಿ ನಮ್ಮವ್ವ ಹೊಟ್ಟೆಗಿಲ್ಲದ ಕಾಲದಲ್ಲಿ ಬೆಲ್ಲ, ಜಾಲಿ ತೊಗಟೆ ಹಾಕಿ ಗಡಿಗೆಯಲ್ಲಿ ಸಾರಾಯಿ ಇಳಿಸಿದವಳು. ಕುಡಿಯುತ್ತಿದ್ದವರು ಊರಿನ ದೊಡ್ಡವರು. ಒಂದು ದಿನ ಅವಳನ್ನು ಹಿಡಿದು, ತಾಲೂಕಿನ ಠಾಣೆಗೆ ಬಸ್ಸಿನಲ್ಲಿ ಎಲ್ಲರೆದುರು ಕರೆದೊಯ್ದರು. ಅವಳ ಒಂದು ತೊಡೆಯ ಮೇಲೆ ಸಾಕ್ಷಿಯ ಗಡಿಗೆ, ಇನ್ನೊಂದರ ಮೇಲೆ ಹಾಲು ಕುಡಿಯುವ ನಾನು. ಕುಡಿದವರ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ, ಅವಳ ಹೆಸರು ಬರೆದುಕೊಂಡರು. ಮುಂದೆ ನಮ್ಮ ಕೇರಿ ಬುದ್ಧನ ದಾರಿ ಹಿಡಿದ ದಿನ ಅವ್ವ ಗಡಿಗೆ ಒಡೆದು, ಹೆಂಡ ಮುಟ್ಟುವುದಿಲ್ಲವೆಂದು ಶೀಲ ತೆಗೆದುಕೊಂಡಳು. ಊರು ಮಾತ್ರ ಬಹಳ ವರ್ಷ ಅವಳನ್ನು ಆ ಗಡಿಗೆಯ ಹೆಸರಿನಿಂದಲೇ ಕರೆಯಿತು. ನಾನು ಓದಿ ನೌಕರಿ ಹಿಡಿದು ಅವಳನ್ನು ರಾಯಚೂರಿಗೆ ಕರೆತಂದದ್ದೇ ಆ ಹೆಸರಿನಿಂದ ತಪ್ಪಿಸಲು. ಇನ್ನೊಮ್ಮೆ ಯಾರೂ ಅವಳನ್ನು ಹಾಗೆ ಕೀಳಾಗಿ ಕಾಣಬಾರದು ಎಂಬುದೊಂದೇ ನನ್ನ ಹಟವಾಗಿತ್ತು.

ಸರ್‌ಗೆ ಬಾಗಿಲು ತೋರಿಸಬೇಕೆಂದು ಏಳುವಷ್ಟರಲ್ಲಿ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದಳು.

"ಒಲಿ ಮುಂದ ಯಾರು ನಿಲ್ತಾರಿ ಸರ?"

"ನಮ್ಮಾಕಿ."

"ಹಂಗಾದ್ರ ನಾ ಬರ್ತೀನಿ."

ನಾನು ಅವಳನ್ನು ಒಳಗೆ ಎಳೆದೊಯ್ದು ಬೈದೆ. ಅವಳು ಕೇಳಲಿಲ್ಲ. "ಆವಿ ಹೊರಗ ಬಂದ್ರ ಬೆಂಕಿ ಹತ್ತತದ ಯಪ್ಪಾ. ಹತ್ತಿದ್ರ ಆ ಹೆಣ್ಮಗಳ ಸೀರಿ ಹತ್ತತದ. ಇವ್ರಿಗೆ ಬರಂಗಿಲ್ಲ, ಬಿಡಂಗೂ ಇಲ್ಲ. ಒಮ್ಮೆ ತೋರಿಸಿ ಕೈ ತೊಳಕೊಂಡು ಬಂದ್ರಾತು" ಎಂದಳು.

ಮರುದಿನ ನಾನು ರಜೆ ಹಾಕಿ, ಹನ್ನೊಂದರ ಹೊತ್ತಿಗೆ ಅವರ ಅಡುಗೆಮನೆಯಲ್ಲಿದ್ದೆವು. ಕುಕ್ಕರು, ತಾಮ್ರದ ನಳಿಗೆ, ಗಾಜಿನ ಕೊಳವೆ, ಎಲ್ಲ ಕಪ್ಪು ಹಲಗೆಯ ಚಿತ್ರದಂತೆಯೇ ಕೂತಿದ್ದವು. ಸರ್ ನಲ್ಲಿಯ ಪೈಪನ್ನು ಕೊಳವೆಯ ಮೇಲ್ತುದಿಗೆ ಸಿಕ್ಕಿಸಿ ಹೆಮ್ಮೆಯಿಂದ ನೀರು ಬಿಟ್ಟರು. ಅವ್ವ ಸೊಂಟದ ಮೇಲೆ ಕೈ ಇಟ್ಟು ಒಂದು ಕ್ಷಣ ನೋಡಿದಳು.

"ಯಪ್ಪಾ, ನೀರು ಮ್ಯಾಲಿಂದ ಯಾಕ ಬಿಟ್ಟೀರಿ? ಸರ್ರಂತ ಇಳದು ಹೋಗಾಕತ್ತದ. ಕೊಳವಿ ತುಂಬೂದು ಯಾವಾಗ, ತಣ್ಣಗಾಗೂದು ಯಾವಾಗ? ಕೆಳಗಿಂದ ಏರಿಸ್ರಿ."

"ಇಲ್ಲ ಯವ್ವಾ, ಥಿಯರಿ ಪ್ರಕಾರ..."

"ನಿಮ್ಮ ಥಿಯರಿಗೆ ಎಷ್ಟ್ ಹನಿ ಬಿದ್ದಾವ?"

ಅವರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡರೂ ನಗು ಹೊರಗೆ ಬಂತು. ಸರ್ ಪೈಪು ಕಿತ್ತು ಕೆಳತುದಿಗೆ ಸಿಕ್ಕಿಸಿದರು. ಕೊಳವೆ ನಿಧಾನವಾಗಿ ಕೆಳಗಿನಿಂದ ತುಂಬುತ್ತ ಮೇಲಕ್ಕೇರಿತು. ಅವರ ಮುಖ ಮಾತ್ರ ಇಳಿಯುತ್ತ ಹೋಯಿತು. ನನಗೆ ಗೊತ್ತು, ಆಗ ಅವರ ತಲೆಯಲ್ಲಿ ಅರ್ಧ ಅಂಕ ಕಳೆದುಕೊಂಡ ಹುಡುಗರೆಲ್ಲ ಸಾಲಾಗಿ ನಿಂತಿದ್ದರು. ನನಗೋ, ಒಳಗೊಳಗೇ ಹೋಳಿಗೆ ಊಟ.

ಕುಕ್ಕರಿನ ಸಂದಿಗೆ ಅವ್ವ ಗೋಧಿ ಹಿಟ್ಟು ಮೆತ್ತಿದಳು, ಉರಿ ತಗ್ಗಿಸಿದಳು, ಸರ್ ಹೆಂಡತಿಯನ್ನು ಬಾಗಿಲ ಹೊರಗೆ ಕೂರಿಸಿದಳು. ಸ್ವಲ್ಪ ಹೊತ್ತಿಗೆ ಕೊಳವೆಯ ತುದಿಯಲ್ಲಿ ಒಂದು ಹನಿ ಮೂಡಿ ತೊಟ್ಟಿಕ್ಕಿತು. ಸರ್ ಚೀರಿಯೇ ಬಿಟ್ಟರು. ಲೋಟದ ತಳ ಮುಚ್ಚುವಷ್ಟು ಬಿದ್ದ ಕೂಡಲೇ ಅವ್ವ ಅದನ್ನೆತ್ತಿ ಬಚ್ಚಲಿಗೆ ಸುರಿದಳು.

"ಅಯ್ಯೋ, ಅದು ಎಲ್ಲಾದ್ರಕಿಂತ ಸ್ಟ್ರಾಂಗ್ ಇರ್ತದ ಯವ್ವಾ! ಅದನ್ನ ಬ್ಯಾರೆ ಸೀಸ್ಯಾಗ ಇಡೋದಿತ್ತು!"

"ಮೊದಲಿಂದು ಕಣ್ಣು ತಿಂತದ ಸರ. ನಮ್ಮ ಕೇರ್ಯಾಗ ಒಬ್ಬಾಂವಗ ತಿಂದದ. ನೀವು ಓದಿದ್ರಾಗ ಬರ್ದಿಲ್ಲೇನು?"

ಬರೆದಿತ್ತು. ಸರ್ ಮಕ್ಕಳಿಗೆ ಆ ಪುಟವನ್ನೂ ಪಾಠ ಹೇಳಿದ್ದರು. ಕೈ ಕಟ್ಟಿ ಮೂಲೆಯಲ್ಲಿ ನಿಂತರು.

ಹತ್ತು ಹದಿನೈದು ನಿಮಿಷದಲ್ಲಿ ಸೀಸೆಗೆ ಎರಡು ಬೆರಳಷ್ಟು ತಿಳಿ ದ್ರವ ಬಂತು. ಅವ್ವ ಚಮಚದಲ್ಲಿ ತೆಗೆದು ದೂರ ಹಿಡಿದು ಕಡ್ಡಿ ಗೀರಿದಳು. ನೀಲಿ ಉರಿ ಎದ್ದಿತು. "ಉರೀತು. ಸರಿ ಅದ" ಎಂದಳು. ಸರ್ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟರು. ಕಣ್ಣಲ್ಲಿ ನೀರು. "ಇಳೀತ್ರೀ! ನೋಡ್ರೀ ಇಳೀತು!" ಎಂದು ನನ್ನ ಕೈ ಹಿಡಿದು ಅಲ್ಲಾಡಿಸಿದರು. ಆಗ ಮಾತ್ರ, ಸುಳ್ಳು ಯಾಕೆ ಹೇಳಲಿ, ಆ ಮನುಷ್ಯನ ಮೇಲೆ ನನಗೆ ಪ್ರೀತಿಯೇ ಬಂತು. ರುಚಿ ನೋಡುವವರು ಯಾರು ಎಂಬ ಪ್ರಶ್ನೆ ಬಂತು. ಅವ್ವ ಶೀಲ ತೆಗೆದುಕೊಂಡವಳು, ಸರ್ ಸೋಮವಾರದ ಉಪವಾಸದವರು, ನಾನು ಕುಡಿಯುವವನಲ್ಲ. ರಾಯಚೂರಿನಲ್ಲಿ ಅಷ್ಟು ಶುದ್ಧ ಸರಕಿಗೆ ಅಂದು ಗಿರಾಕಿಯೇ ಇರಲಿಲ್ಲ.

ಅದೇ ಹೊತ್ತಿಗೆ ಬಾಗಿಲು ಬಡಿದರು. ಮೇಲಿನ ಮನೆಯವರು ನಾಲ್ಕು ದಿನದಿಂದ ವಾಸನೆ ತಡೆಯಲಾರದೆ ದೂರು ಕೊಟ್ಟಿದ್ದರು. ಅಬಕಾರಿಯ ಒಬ್ಬ ಸಾಹೇಬ, ಹಿಂದೆ ಇಬ್ಬರು ಪೇದೆಗಳು. ಸರ್ ಗಡಬಡಿಸಿ ತಿರುಗಿದಾಗ ಮೊಣಕೈ ತಾಗಿ ಗಾಜಿನ ಕೊಳವೆ ನೆಲಕ್ಕೆ ಬಿದ್ದು ಚೂರುಚೂರಾಯಿತು. ಸಾಹೇಬ ಕುಕ್ಕರು ನೋಡಿದ, ಸೀಸೆ ನೋಡಿದ, ಸರ್ ಮುಖ ನೋಡಿದ. ಆಮೇಲೆ ಟೋಪಿ ತೆಗೆದು ಅವರ ಕಾಲಿಗೆ ಬಿದ್ದ.

"ಸರ್, ನಾ ನಿಮ್ಮ ಸ್ಟೂಡೆಂಟ್ರೀ! ನಿಮ್ಮ ಚಿತ್ರ ಬರ್ದೇ ಪಾಸಾದಾಂವ. ಇದೇನ್ರೀ ಸರ್, ಪ್ರಯೋಗ ಏನ್ರೀ?"

"ಹೂಂ... ಹೂಂ. ಪ್ರಯೋಗ."

"ಅದೇ ಅಂದೆ. ನೀವು ಬ್ಯಾರೆ ಯಾಕ ಮಾಡ್ತೀರಿ?" ಎಂದು ನಕ್ಕ. ತೆರೆದ ಡೈರಿ ಮುಚ್ಚಿದ. ಅಪರಾಧ ಅಷ್ಟು ಸಲೀಸಾಗಿ ವಿಜ್ಞಾನವಾದದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಅಷ್ಟರಲ್ಲಿ ಒಬ್ಬ ಪೇದೆಗೆ ಒಲೆಯ ಪಕ್ಕದಲ್ಲಿ ನಿಂತ ಅವ್ವ ಕಂಡಳು. ಅವಳ ಕೈಗೆ ಹಿಟ್ಟು ಮೆತ್ತಿತ್ತು.

"ಯಾರ್ ಬೇ ನೀನು? ಯಾ ಊರಾಕಿ? ಕೈ ತೋರಸು."

ಸಾಹೇಬನ ಡೈರಿ ಮತ್ತೆ ತೆರೆಯಿತು. ಅವ್ವ ಕೈ ಮುಂದೆ ಮಾಡಲಿಲ್ಲ, ಹಿಂದಕ್ಕೂ ಎಳೆಯಲಿಲ್ಲ. ಸರ್ ಗೋಡೆಯ ಕಡೆ ನೋಡುತ್ತ, "ಈಕಿ... ಕಸ ಹೊಡ್ಯಾಕ ಬಂದಾಳ" ಎಂದರು.

ಸಾಹೇಬ ನನ್ನ ಕಡೆ ತಿರುಗಿ, "ಹೌದೇನ್ರಿ?" ಎಂದ.

ನಾನು ಸರ್ಕಾರಿ ನೌಕರ. ಆ ಸೀಸೆಯ ಪಕ್ಕದಲ್ಲಿ ನನ್ನ ಅವ್ವ ಎಂದರೆ ನಾನೂ ಅವಳೂ ಡೈರಿಯೊಳಗೆ ಹೋಗುತ್ತೇವೆ ಎಂದು ಲೆಕ್ಕ ಹಾಕಿದೆನೋ, ಬರಿಯ ಪುಕ್ಕಲುತನವೋ, ಇವತ್ತಿಗೂ ಗೊತ್ತಿಲ್ಲ. ಹೌದೆಂದು ಗೋಣು ಹಾಕಿದೆ.

ಅವ್ವ ನನ್ನ ಮುಖವನ್ನೊಮ್ಮೆ ನೋಡಿದಳು. ಬಾಗಿಲ ಸಂದಿಯಲ್ಲಿದ್ದ ಕಸಬರಿಗೆ ತಂದು, ಬಗ್ಗಿ, ಗಾಜಿನ ಚೂರುಗಳನ್ನು ಗುಡಿಸತೊಡಗಿದಳು. "ನೋಡಿ ಹೊಡಿ ಬೇ, ಸರ್ ಕಾಲಿಗೆ ಚುಚ್ಚೀತು" ಎಂದ ಪೇದೆ. ಡೈರಿ ಮುಚ್ಚಿತು. ಮೂವರೂ ಚಹಾ ಕುಡಿದು ಹೋದರು.

ಆಟೋದಲ್ಲಿ ಅವ್ವ ಸಂತೆಯ ಬದನೆಕಾಯಿಯ ಮಾತಾಡಿದಳು. ಮನೆ ಹತ್ತಿರ ಬಂದಾಗ, "ಈ ಸಲ ಯಾರೂ ಹೆಸರು ಬರ್ಕೊಳ್ಳಿಲ್ಲ, ಚಲೋ ಆತು" ಎಂದಳು. ನನಗೆ ದೊಡ್ಡ ಹೊರೆ ಇಳಿದಂತಾಯಿತು. ಒಂದು ವಾರ ಬಿಟ್ಟು ಸರ್ ಬಂದರು. ಒಳಗೆ ಕೂರಲಿಲ್ಲ. ಅವ್ವನ ಮುಂದೆ ನಿಂತು, "ತಪ್ಪಾತು ಯವ್ವಾ. ಅಂಜಿ ಬಾಯಿಗೆ ಬಂದದ್ದು ಅಂದೆ. ಕಲಿಸಿದೋರನ್ನ ಹಂಗ ಅನ್ನಬಾರದಿತ್ತು" ಎಂದು ಕೈಮುಗಿದರು. ಅವ್ವ ಚಹಾ ಕೊಟ್ಟಳು. ಕುಡಿದರು. ಆಮೇಲೆ ಯಾವಾಗ ಬಂದರೂ ಕೇಳಿ ಕುಡಿದರು. ನಾನು ಮಾತ್ರ ಸ್ಟಾಫ್‌ರೂಮಿನಲ್ಲಿ ಬಾಣದ ಕಥೆ, ಬೆಲ್ಲದ ಕಥೆ, ಗುಲಾಬ್ ನೀರಿನ ಕಥೆ ಹೇಳಿ ನಗಿಸುತ್ತಲೇ ಇದ್ದೆ. ನನ್ನ ಕಥೆಯಲ್ಲಿ ಅವ್ವ 'ಯಾರೋ ಒಬ್ಬ ಮುದುಕಿ' ಆಗಿದ್ದಳು.

ಮೊನ್ನೆ ಕಾಲೇಜಿನಲ್ಲಿ ಸಂತಾಪಸಭೆ. ನನ್ನನ್ನೇ ಮಾತಾಡಲು ಹೇಳಿದರು. ಅವೇ ಕಥೆಗಳನ್ನು ಮೆತ್ತಗೆ ಮಾಡಿ ಹೇಳಿದೆ. ಜನ ಕಣ್ಣೊರೆಸಿಕೊಳ್ಳುತ್ತಲೂ ನಕ್ಕರು. ಮನೆಗೆ ಬಂದು ಅದನ್ನೆಲ್ಲ ಅವ್ವನ ಮುಂದೆ ಹೆಚ್ಚುಗಾರಿಕೆಯಿಂದ ಒಪ್ಪಿಸಿದೆ. ಅವಳು ಸೊಪ್ಪು ಸೋಸುತ್ತಿದ್ದಳು.

"ಕಸ ಹೊಡ್ಯಾಕಿ ಅಂದದ್ದೂ ಹೇಳಿದೇನು?"

"ಛೇ, ಅದನ್ನ ಹೆಂಗ ಹೇಳ್ಲಿ ಅವ್ವಾ? ಸತ್ತೋರ ಮಾನ..."

ಅವ್ವ ಸೊಪ್ಪಿನ ಮೇಲಿನ ಕೈ ನಿಲ್ಲಿಸಿದಳು. ಎರಡು ವರ್ಷದಿಂದ ಈ ಮಾತು ಅವಳೊಳಗೆ ಇತ್ತೆಂದು ನನಗೆ ಗೊತ್ತಿರಲಿಲ್ಲ.

"ಅವ್ರು ಅಂಜಿ ಅಂದ್ರು, ಬಂದು ತಪ್ಪಾತು ಅಂದ್ರು, ಮುಗೀತು. ಅವ್ರಿಗೆ ನಾ ಯಾರು? ನೀ ನನ್ನ ಮಗ. ನೀ ಯಾಕ ಗೋಣು ಹಾಕಿದಿ?"